ಹುಳದತ್ತಿಗೆಯ ಖಾಲಿ ಚೀಟಿಗಳು

ನಮ್ಮಣ್ಣನ ಹೆಂಡತಿಗೆ ಹೆತ್ತವರು ಇಟ್ಟ ಹೆಸರು ಚೆನ್ನಾಗಿಯೇ ಇತ್ತು, ಆದರೆ ಬೀದಿಯವರ ಬಾಯಲ್ಲಿ ಅವಳು ಹುಳದತ್ತಿಗೆ. ಬರೆದುಕೋ ಪುಟ್ಟಿ, ನಗಬೇಡ. ಅತ್ತಿಗೆಯಾದರೂ ಅವಳು ನನಗಿಂತ ಎರಡು ವರ್ಷ ಚಿಕ್ಕವಳು, ಹಾಗಾಗಿ ನಮ್ಮಿಬ್ಬರ ನಡುವೆ ಏಕವಚನವೇ. ಅವಳು ನನ್ನನ್ನು ನಾದಿನಮ್ಮ ಎನ್ನುತ್ತಿದ್ದಳು, ಅದೂ ಛೇಡಿಸುವುದಕ್ಕೆ.

ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ ಅವಳ ಕೆಲಸದ ಕೋಣೆ. ಉದ್ದನೆಯ ಮೇಜು, ಬಿಳಿ ತಟ್ಟೆಗಳು, ಚಿಮಟ, ಭೂತಗನ್ನಡಿ, ಗೋಡೆಯುದ್ದಕ್ಕೂ ಸ್ಪಿರಿಟ್ ತುಂಬಿದ ಬಾಟಲಿಗಳು. ಒಳಗೆ ಕಾಲಿಟ್ಟರೆ ಆಸ್ಪತ್ರೆಯ ವಾಸನೆ. ಎದುರಿಗೇ ನನ್ನ ಟೈಲರ್ ಅಂಗಡಿ. ಕಿಟಕಿಯಿಂದ ಕಿಟಕಿಗೆ ಮಾತಾಡುತ್ತಿದ್ದೆವು. ಅಂಚೆಯವರು ಎಷ್ಟು ಸಲ ಬೈದಿದ್ದಾರೋ! ಇಪ್ಪತ್ತಾರು ವರ್ಷ ಅಲ್ಲಿ ಕೂತು ಅವಳು ಕಾಡಿನ ಹುಳಗಳನ್ನು ಬಗೆಬಗೆಯಾಗಿ ವಿಂಗಡಿಸಿದಳು.

ಹುಳ ಹಿಡಿಯುವ ರೀತಿ ಕೇಳು. ನೆಲದಲ್ಲಿ ಲೋಟವನ್ನು ಅಂಚಿನ ತನಕ ಹೂತು, ಒಳಗೆ ಸೋಪಿನ ನೀರು ಹಾಕಿ, ಮೇಲೆ ಕಡ್ಡಿಗೆ ಸಗಣಿಯ ಪೊಟ್ಟಣ ನೇತುಹಾಕಬೇಕು. ವಾಸನೆ ಹಿಡಿದು ಬಂದ ಸಗಣಿ ಹುಳ ಲೋಟಕ್ಕೆ ಬೀಳುತ್ತದೆ. ಪೊಟ್ಟಣದ ಬಟ್ಟೆ ನನ್ನ ಅಂಗಡಿಯ ಲೈನಿಂಗ್ ಚೂರು. "ನಿನ್ನ ಗಿರಾಕಿಗಳ ಕೋಟಿನ ಬಟ್ಟೇಲಿ ನನ್ನ ಗಿರಾಕಿಗಳಿಗೆ ಊಟ ಬಡಿಸ್ತಿದೀನಿ ಕಣೇ," ಎನ್ನುತ್ತಿದ್ದಳು.

ನಾನು ಹೇಳಹೊರಟ ವರ್ಷ ಅತ್ತಿಗೆ ಮೂರು ಜಾಗದಲ್ಲಿ ಲೋಟ ಹೂತಿದ್ದಳು. ಒಂದು ಹಳೆಯ ಕಾಡು. ಇನ್ನೊಂದು, ಅದರ ಮಗ್ಗುಲಲ್ಲೇ ಹಿಂದಿನ ಬೇಸಿಗೆಯಲ್ಲಿ ಬೆಂಕಿಗೆ ಸುಟ್ಟುಹೋದ ಗುಡ್ಡ. ಮೂರನೆಯದು, ಕಾಡು ಕಡಿದು ಬೆಳೆಸಿದ ತಾಳೆಎಣ್ಣೆ ತೋಟ. ತೋಟದ ಕಂಪನಿಯವರಿಗೆ ಸುಟ್ಟ ಗುಡ್ಡದ ಮೇಲೂ ಕಣ್ಣು. ಅದು ಸತ್ತ ಗುಡ್ಡ, ಅಲ್ಲಿ ಒಂದು ಜೀವವೂ ಇಲ್ಲ, ನಮಗೆ ಕೊಡಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿದ್ದರು. ಗುರುವಾರ ಹನ್ನೊಂದಕ್ಕೆ ವಿಚಾರಣೆ. ಅಲ್ಲಿ ಜೀವ ಉಳಿದಿದೆ ಎಂದು ಅತ್ತಿಗೆಯ ಬಾಟಲಿಗಳು ತೋರಿಸದಿದ್ದರೆ ಶುಕ್ರವಾರವೇ ಗುಡ್ಡಕ್ಕೆ ಯಂತ್ರ ಹತ್ತುತ್ತಿತ್ತು.

ವಿಚಾರಣೆಯ ಹಿಂದಿನ ಶನಿವಾರ ಅತ್ತಿಗೆಯ ಬಲಗೈ ಮೇಲೆ ಕುದಿಯುವ ನೀರು ಬಿತ್ತು. ಕೈಗೆ ಬ್ಯಾಂಡೇಜು. ಬಾಟಲಿಯೊಳಗೆ ಹಾಕುವ ಚೀಟಿ ಬರೆಯುವವರು ಯಾರು? ನಾನಿರಲಿಲ್ಲವೇ! ನನ್ನ ಅಕ್ಷರದ ಬಗ್ಗೆ ನನಗೆ ಮೊದಲಿಂದಲೂ ಜಂಬ. ಅಳತೆ ಚೀಟಿ ಬರೆಯುವ ಶಾಯಿ ಪೆನ್ನು ತೆಗೆದುಕೊಂಡು, ಅವಳು ಹೇಳಿದ ಹಾಗೆ ಜಾಗ, ತಾರೀಖು, ಲೋಟದ ಸಂಖ್ಯೆ ಎಲ್ಲ ದುಂಡಗೆ ಬರೆದೆ. ಮೂವತ್ತಾರು ಬಾಟಲಿ, ಮೂವತ್ತಾರು ಚೀಟಿ. ಅವಳು ಕೈನೋವಿಗೆ ಮಾತ್ರೆ ನುಂಗಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು, ನನ್ನ ಪೆನ್ನನ್ನು ನೋಡಲೇ ಇಲ್ಲ.

ಸೋಮವಾರ ಮಧ್ಯಾಹ್ನ ಕಿಟಕಿಯಿಂದ ಕೂಗಿದಳು. "ನಾದಿನಮ್ಮ, ಮೇಲೆ ಬಾ." ಆ ದನಿ ಕೇಳಿ ಕತ್ತರಿ ಅಲ್ಲೇ ಬಿಟ್ಟು ಓಡಿದೆ.

ಬಾಟಲಿಗಳಲ್ಲಿ ಸ್ಪಿರಿಟ್ ತಿಳಿನೀಲಿಯಾಗಿತ್ತು. ಚೀಟಿಗಳೆಲ್ಲ ತೊಳೆದಿಟ್ಟ ಹಾಗೆ ಬೆಳ್ಳಗಿದ್ದವು.

"ಯಾವುದರಲ್ಲಿ ಬರೆದೆ?"

"ಪೆನ್ನಲ್ಲಿ."

"ಪೆನ್ಸಿಲ್ ಕಣೇ! ಸ್ಪಿರಿಟ್ಟಿಗೆ ಶಾಯಿ ನಿಲ್ಲಲ್ಲ, ಪೆನ್ಸಿಲ್ಲೇ ಬೇಕು." ಆಮೇಲೆ ತಾನೇ ಹಣೆ ಚಚ್ಚಿಕೊಂಡಳು. "ನಾನೆಲ್ಲಿ ಹೇಳ್ದೆ ನಿಂಗೆ!"

ಅಷ್ಟರಲ್ಲಿ ಮೇಡಂ ಬಂದರು. ಹುಳಗಳ ಬಗ್ಗೆ ಓದಿದ ವಿಜ್ಞಾನಿ, ಅತ್ತಿಗೆಯ ಮೇಲಧಿಕಾರಿ. ಒಂದೊಂದೇ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮೆಲ್ಲಗೆ ಕೇಳಿದರು, "ಹುಳ ನೋಡಿದ್ರೆ ನಿಮಗೆ ಜಾಗ ಗೊತ್ತಾಗುತ್ತಲ್ವಾ?"

"ಗೊತ್ತಾಗುತ್ತೆ ಮೇಡಂ."

"ಹಾಗಾದ್ರೆ ಪೆನ್ಸಿಲ್ಲಲ್ಲಿ ಬರೆದುಬಿಡಿ. ಯಾರಿಗೆ ಗೊತ್ತಾಗುತ್ತೆ?"

ನಾನು ತಕ್ಷಣ ಪೆನ್ಸಿಲ್ ಹುಡುಕಿ ಮೇಜಿನ ಮೇಲಿಟ್ಟೆ. ಆದರೆ ಅತ್ತಿಗೆ ಪೆನ್ಸಿಲ್ ಮುಟ್ಟಲಿಲ್ಲ.

"ಹುಳ ನೋಡಿ ಜಾಗ ಬರೆದು, ಆಮೇಲೆ ಈ ಜಾಗದಲ್ಲಿ ಈ ಹುಳ ಇದೆ ಅಂತ ಹೇಳೋದಾ? ಅದು ಉತ್ತರ ನೋಡ್ಕೊಂಡು ಲೆಕ್ಕ ಬರೆದ ಹಾಗಲ್ವಾ ಮೇಡಂ?"

"ಗುರುವಾರ ನಾನು ಬರಿಗೈಲಿ ಹೋಗ್ಲಾ?"

"ನಾಳೆ ಬೆಳಿಗ್ಗೆ ಮತ್ತೆ ಲೋಟ ಹೂಳ್ತೀನಿ. ಗುರುವಾರ ಬೆಳಿಗ್ಗೆ ಎತ್ತಿದ್ರೆ ಎರಡು ದಿನ ಸಿಗುತ್ತೆ."

"ಆ ಕೈಲಾ?"

"ಇವಳ ಕೈ ಇದೆಯಲ್ಲ," ಎಂದು ಗದ್ದ ಎತ್ತಿ ನನ್ನತ್ತ ತೋರಿಸಿದಳು.

ಮಂಗಳವಾರ ಬೆಳಕು ಹರಿಯುವ ಮೊದಲೇ ಹೊರಟೆವು. ಒಂದೊಂದು ಜಾಗಕ್ಕೆ ಹತ್ತು ಲೋಟ. ನಾನು ನೆಲ ಅಗೆಯುವುದು, ಅವಳು ಎಡಗೈಯಲ್ಲಿ ಅಂಚು ಸಮ ಮಾಡುವುದು. ಸೊಂಟ ಎರಡಾಯಿತು ಪುಟ್ಟಿ! ಸಗಣಿ ಪೊಟ್ಟಣ ಕಟ್ಟಿ ಕಟ್ಟಿ ಒಂದು ವಾರ ನನ್ನ ಗಿರಾಕಿಗಳು ಮೂಗು ಮುಚ್ಚಿಕೊಂಡೇ ಅಳತೆ ಕೊಟ್ಟರು. ಸುಟ್ಟ ಗುಡ್ಡದಲ್ಲಿ ಕಾಲಿಟ್ಟಲ್ಲೆಲ್ಲ ಇದ್ದಿಲು ಕರಕರ ಎನ್ನುತ್ತಿತ್ತು. ಕರೀ ಬೊಡ್ಡೆಗಳ ನಡುವೆ ಅಲ್ಲಲ್ಲಿ ಹಸಿರು ಚಿಗುರು. ನನಗೂ ಒಳಗೊಳಗೇ ಅನ್ನಿಸಿತು, ಇಲ್ಲಿ ಯಾವ ಹುಳ ಬರುತ್ತದೆ? ಕೆಳಗೆ ತೋಟದ ಗಡಿಯಲ್ಲಿ ಒಣಕೊಂಬೆಗಳನ್ನು ರಾಶಿ ಹಾಕಿದ್ದರು. ಅತ್ತಿಗೆ ಅದನ್ನೇ ನೋಡುತ್ತಾ ನಿಂತಳು.

ಬುಧವಾರ ಮಧ್ಯಾಹ್ನ ಕಾಲರಿಗೆ ಹೊಲಿಗೆ ಹಾಕುತ್ತಿದ್ದೆ. ತಲೆಯೆತ್ತಿದರೆ ಗುಡ್ಡದ ಕಡೆ ಹೊಗೆ. ಎದುರು ಕಿಟಕಿಯಲ್ಲಿ ಅತ್ತಿಗೆ ಸರಳು ಹಿಡಿದು ನಿಂತಿದ್ದಳು. ಅಷ್ಟು ದೂರದಿಂದ ಹೊಗೆ ತೋಟದ್ದೋ ಗುಡ್ಡದ್ದೋ ಗೊತ್ತಾಗುವುದಿಲ್ಲ. ಓಡಿಹೋದರೆ ದಾರಿಯಲ್ಲಿ ಕಂಪನಿಯ ಕಾವಲುಗಾರರು ತಡೆದರು. "ಕಸ ಸುಡ್ತಿದೀವಿ, ನಾಳೆ ಬನ್ನಿ." ಅತ್ತಿಗೆ ವಾದ ಮಾಡಿದಳು, ಬೇಡಿಕೊಂಡಳು. ಬಿಡಲಿಲ್ಲ. ವಾಪಸು ಬರುವಾಗ ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಗುರುವಾರ ಆರು ಗಂಟೆಗೆ ಗುಡ್ಡ ಹತ್ತಿದೆವು. ಕೆಳಗಿನ ಸಾಲಿನಲ್ಲಿ ನೆಲ ಇನ್ನೂ ಬೆಚ್ಚಗಿತ್ತು. ಲೋಟಗಳು ಕರಗಿ ಪ್ಲಾಸ್ಟಿಕ್ ರೊಟ್ಟಿಯಂತೆ ಮಣ್ಣಿಗೆ ಅಂಟಿಕೊಂಡಿದ್ದವು. ಒಂದು, ಎರಡು, ಮೂರು, ನಾಲ್ಕು. ನಾನು ಅತ್ತೇಬಿಟ್ಟೆ.

"ಅಳಬೇಡ, ಬರ್ಕೋ. ನಾಲ್ಕು ಸುಟ್ಟಿದೆ. ಪೆನ್ಸಿಲ್ಲಲ್ಲಿ," ಎಂದಳು.

ಮೇಲಿನ ಆರು ಉಳಿದಿದ್ದವು. ಮೊದಲನೆಯದನ್ನು ತಟ್ಟೆಗೆ ಸುರಿದಳು. ಬೂದಿ, ಎರಡು ಇರುವೆ, ಅಷ್ಟೇ. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ, ಹಸಿರು ಮಿಂಚುವ ಹುಳವೊಂದು ಕಾಲು ಮಡಿಸಿಕೊಂಡು ಬಿದ್ದಿತ್ತು. ಅತ್ತಿಗೆ ಅದನ್ನು ಎಡಗೈಯ ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಇದು ಕಾಡಿನೋಳು. ಸಗಣಿ ಉಂಡೆ ಉರುಳಿಸ್ಕೊಂಡು ಬೀಜಾನೂ ನೆಲದಲ್ಲಿ ಹೂತಿಡೋಳು. ಗುಡ್ಡಕ್ಕೆ ವಾಪಸ್ ಬಂದಿದಾಳೆ."

ಉಳಿದ ಮೂರು ಲೋಟಗಳಲ್ಲೂ ಬೇಕಾದಷ್ಟು ಹುಳ ಸಿಕ್ಕವು; ಕಾಡಿನ ಲೋಟಗಳನ್ನೂ ತೋಟದವನ್ನೂ ಎತ್ತಿ ಎಲ್ಲವನ್ನೂ ಬಗೆಬಗೆಯಾಗಿ ಎಣಿಸಿದೆವು. ಹನ್ನೊಂದಕ್ಕೆ ಕೂದಲಿಗೆಲ್ಲ ಬೂದಿ ಮೆತ್ತಿಕೊಂಡೇ ವಿಚಾರಣೆಯ ಕೋಣೆಗೆ ಹೋದೆವು. ಮೇಡಂ ಲೆಕ್ಕ ಓದಿದರು. ಕಂಪನಿಯ ಮ್ಯಾನೇಜರ್ ತಕ್ಷಣ ಎದ್ದ.

"ತೋಟದಲ್ಲಿ ಇನ್ನೂರ ಹದಿನೆಂಟು ಹುಳ, ಗುಡ್ಡದಲ್ಲಿ ಬರೀ ಮೂವತ್ತೊಂಬತ್ತು! ನಮ್ಮ ತೋಟವೇ ವಾಸಿ ಅಂತ ನೀವೇ ಹೇಳಿದ ಹಾಗಾಯ್ತು."

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಅತ್ತಿಗೆಯ ಕಡೆ ತಿರುಗಿದರು.

"ಸಾರ್, ತೋಟದ ಇನ್ನೂರ ಹದಿನೆಂಟೂ ಮೂರೇ ಬಗೆ. ಗುಡ್ಡದ ಮೂವತ್ತೊಂಬತ್ತರಲ್ಲಿ ಹದಿನಾಲ್ಕು ಬಗೆ. ಊರಲ್ಲಿ ಇನ್ನೂರು ಜನ ಇದ್ದು ಎಲ್ಲರೂ ನಮ್ಮ ನಾದಿನಿ ಥರ ಟೈಲರ್‌ಗಳೇ ಆದ್ರೆ, ಪಾಠ ಹೇಳೋರ್ಯಾರು, ನಲ್ಲಿ ರಿಪೇರಿ ಮಾಡೋರ್ಯಾರು?"

ಕೋಣೆಯೆಲ್ಲ ನಕ್ಕಿತು. ಮ್ಯಾನೇಜರ್ ನಗಲಿಲ್ಲ. "ಕಾಡಲ್ಲಿ ಎಷ್ಟು ಬಗೆ?"

"ಮೂವತ್ತೊಂದು."

"ನೋಡಿ, ಅರ್ಧಾನೂ ಇಲ್ಲ!"

"ಹೌದು, ಅರ್ಧಾನೂ ಇಲ್ಲ. ಬೆಂಕಿ ಅಷ್ಟು ತಿಂದಿದೆ. ಆದ್ರೆ ಹದಿನಾಲ್ಕರಲ್ಲಿ ಹನ್ನೊಂದು ಕಾಡಿನವೇ. ಪಕ್ಕದಲ್ಲಿ ಕಾಡಿರೋದ್ರಿಂದ ಬರ್ತಿವೆ. ಸತ್ತಿರೋ ಜಾಗಕ್ಕೆ ಯಾಕೆ ಬರ್ತಾವೆ?" ಅಷ್ಟಕ್ಕೆ ಕೂರಬಹುದಿತ್ತು. ಕೂರಲಿಲ್ಲ. "ಇನ್ನೊಂದು ಮಾತು ಸಾರ್. ಮೊದಲು ಮೂವತ್ತಾರು ಬಾಟಲಿ ಇದ್ವು. ಚೀಟಿ ಅಳಿಸಿಹೋಯ್ತು, ನನ್ನ ತಪ್ಪು. ಅವನ್ನ ಲೆಕ್ಕಕ್ಕೆ ಹಿಡಿದಿಲ್ಲ."

ಮೇಡಂ ಕಣ್ಣು ಮುಚ್ಚಿಕೊಂಡರು. ಅಧಿಕಾರಿ ಕೇಳಿದರು, "ಅವುಗಳಲ್ಲಿ ಗುಡ್ಡದ್ದು ಯಾವುದು ಅಂತ ನಿಮಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ ಸಾರ್. ಆದ್ರೆ ಹೇಳಲ್ಲ."

ಹಿಂದಿನ ಬೆಂಚಿನಲ್ಲಿದ್ದ ನನಗೆ ತಡೆಯಲಾಗಲಿಲ್ಲ. "ಸಾರ್, ಬರೆದೋಳು ನಾನು! ಶಾಯೀಲಿ!" ಎಂದು ಕೂಗಿಬಿಟ್ಟೆ. ಅತ್ತಿಗೆ ಹಿಂತಿರುಗಿ ನೋಡಿದ ನೋಟ ಈಗಲೂ ನೆನಪಿದೆ. ಬಾಯಿ ಮುಚ್ಚು ಎನ್ನುವ ಸಿಟ್ಟಿನಲ್ಲೇ ಒಂದು ನಗೆ.

ಅಧಿಕಾರಿ ನಾವು ಮಣ್ಣಿಂದ ಕಿತ್ತು ತಂದಿದ್ದ ಆ ನಾಲ್ಕು ಕರಗಿದ ಲೋಟಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿದರು. ಕೊನೆಗೆ ಬರೆಸಿದರು: ಒಂದು ವರ್ಷ ಗುಡ್ಡಕ್ಕೆ ಯಂತ್ರವೂ ಹತ್ತಬಾರದು, ಅದರ ಗಡಿಯಲ್ಲಿ ಬೆಂಕಿಯೂ ಹಚ್ಚಬಾರದು, ತಿಂಗಳು ತಿಂಗಳೂ ಹುಳ ಎಣಿಸಬೇಕು. ಒಂದೇ ವರ್ಷ. ಮ್ಯಾನೇಜರ್ ಬಾಗಿಲ ಬಳಿ, "ವರ್ಷ ಬೇಗ ಕಳೆಯುತ್ತೆ ಅಮ್ಮ," ಎಂದು ಹೇಳಿಯೇ ಹೋದ.

ಮುಂದಿನ ತಿಂಗಳು ಅತ್ತಿಗೆಯ ಕೈ ಪೂರ್ತಿ ವಾಸಿಯಾಗಿತ್ತು. ಆದರೂ ಕಿಟಕಿಯಿಂದ ಕೂಗಿದಳು. ಮೇಲೆ ಹೋದರೆ ಮೇಜಿನ ಮೇಲೆ ಮೂವತ್ತು ಬಾಟಲಿ, ಮೂವತ್ತು ಚೀಟಿ, ಚೂಪಾಗಿ ಹೆರೆದ ಒಂದು ಪೆನ್ಸಿಲ್.

"ನಿನ್ನ ಅಕ್ಷರವೇ ಚೆನ್ನಾಗಿದೆ. ಕೂತ್ಕೋ, ಬರಿ," ಎಂದಳು. "ಸುಟ್ಟ ಗುಡ್ಡ, ಲೋಟ ಒಂದು."