ಗುಂಡಿಯಕ್ಕನ ಕತ್ತರಿ

ಅಂಗಿಯ ಗುಂಡಿ ಕಿತ್ತುಹೋದರೆ ಹೊಲಿಸಿಕೊಳ್ಳಲು ಟೈಲರ್ ಹತ್ತಿರ ಹೋಗುವುದು ಲೋಕದಲ್ಲಿರುವ ರೂಢಿ. ಗಟ್ಟಿಯಾಗಿದ್ದ ಗುಂಡಿಯನ್ನೇ ಕತ್ತರಿಸಿಕೊಳ್ಳಲು ಜನ ಸಾಲು ನಿಂತದ್ದು ಮಾತ್ರ ಗುಂಡಿಯಕ್ಕನ ಅಂಗಡಿಯ ಮುಂದೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದು ಹತ್ತಡಿ ಅಗಲದ ಹೊಲಿಗೆ ಅಂಗಡಿ. ಒಂದು ಮಷಿನ್ನು, ಒಂದು ಇಸ್ತ್ರಿ ಮೇಜು, ಮೂಲೆಯಲ್ಲಿ ಬಿರುಕು ಬಿಟ್ಟ ಆಳೆತ್ತರದ ಕನ್ನಡಿ. ನಾಲಿಗೆಯೋ, ಕತ್ತರಿಗಿಂತ ಹರಿತ. ಎದುರಿನ ಸೈಕಲ್ ರಿಪೇರಿಯವನು ಹಳೇ ಸೈಕಲ್‌ಗಳಿಂದ ನಡೆಯಲಾಗದವರಿಗೆ ಮೂರು ಚಕ್ರದ ಗಾಡಿ ಮಾಡುತ್ತೇನೆಂದು ಬಾಗಿಲು ಬಾಗಿಲು ಸುತ್ತಿ ಸೋತಿದ್ದ. ಅವನನ್ನು ಕರೆದು, "ನಾಳೆ ಸಂಜೆ ಬಾ. ಹೇಳೋದನ್ನ ಐದು ನಿಮಿಷದಲ್ಲಿ ಬೀದಿಯವರ ಮುಂದೆ ಹೇಳು" ಅಂದಳು. ಸುದ್ದಿ ಕೇಳಿ ಇನ್ನೂ ಇಬ್ಬರು ತಮ್ಮ ಯೋಚನೆ ಹೊತ್ತು ಬಂದರು. ಕೇಳುವವರು ಹನ್ನೊಂದು ಜನ.

ಮೂವರೂ ಮಾತಾಡಿದರು. ಜನ ಚಪ್ಪಾಳೆ ತಟ್ಟಿ ಎದ್ದರು. ಅಕ್ಕನಿಗೆ ಮೈಯೆಲ್ಲ ಉರಿಯಿತು.

"ಕೂತ್ಕೊಳ್ರೀ! ಚಪ್ಪಾಳೆ ತಿಂದ್ರೆ ಹೊಟ್ಟೆ ತುಂಬುತ್ತಾ? ಯಾರ ಮಾತು ಒಪ್ಪಿತೋ ಅವರಿಗೆ ನಿಮ್ಮ ಅಂಗಿ ತೋಳಿನದೇ ಒಂದು ಗುಂಡಿ ಕೊಡಿ. ಅವರಿಗೆ ಒಂದು ಕೆಲಸ ಕೊಟ್ಟು ಗುಂಡಿ ವಾಪಸ್ ಇಸ್ಕೊಂಡು ಬನ್ನಿ, ಪುಕ್ಕಟೆ ಹೊಲಿದುಕೊಡ್ತೀನಿ. ಅಲ್ಲೀವರೆಗೂ ತೋಳು ಜೋತಾಡಿಸಿಕೊಂಡು ತಿರುಗಿ!"

ಸೈಕಲ್ಲಿನವನಿಗೆ ಆರು ಗುಂಡಿ ಬಿದ್ದವು. ತಿಂಗಳು ಕಳೆಯುವುದರೊಳಗೆ ಆರೂ ಅಂಗಿಗಳು ಅಕ್ಕನ ಮೇಜಿಗೆ ಬಂದವು. ಮರುವರ್ಷ ನಲವತ್ತು ಜನ ಸೇರಿದರು. ಆಮೇಲೆ ಶಾಲೆಯ ಅಂಗಳ ಬೇಕಾಯಿತು, ಆಮೇಲೆ ಅದೂ ಸಾಲಲಿಲ್ಲ. ಪಕ್ಕದೂರಿನವರೂ ಬರತೊಡಗಿದರು. ಕೆಲವು ಜಾಣರು ಮೂಲೆಗೆ ಬಿಸಾಡಿದ್ದ ಅಂಗಿ ತೊಟ್ಟು ಬಂದರೆ ಅಕ್ಕ, "ಹೊಟ್ಟೆ ಮೇಲಿನ ಗುಂಡೀನೇ ಕತ್ತರಿಸ್ತೀನಿ, ಹುಷಾರ್!" ಅನ್ನುತ್ತಿದ್ದಳು. ಅನ್ನುವುದೇನು, ಇಬ್ಬರಿಗೆ ಕತ್ತರಿಸಿಯೂಬಿಟ್ಟಳು.

ಏಳನೇ ವರ್ಷ ದೊಡ್ಡ ಕಂಪನಿಯೊಂದರ ಸಾಹೇಬರು ಕೋಟು ಹಾಕಿಕೊಂಡು ಅಂಗಡಿಗೆ ಬಂದರು. ದೊಡ್ಡ ಹಾಲ್, ದೀಪ, ಪರದೆ, ದೊಡ್ಡ ಬಹುಮಾನ, ಎಲ್ಲ ಅವರದೇ. ಆದರೆ ತೀರ್ಪು ಮೂವರು ತಜ್ಞರದು.

"ಈ ಗುಂಡಿ ಗಿಂಡಿ ಎಲ್ಲ ಬೇಡ ಮೇಡಂ. ಸ್ಪರ್ಧೆ ಬೆಳೀಬೇಕು ಅಂದ್ರೆ ಸ್ವಲ್ಪ ನೀಟಾಗಿರಬೇಕು."

ಹೆಸರು ಬರೆದುಕೊಳ್ಳುವ ಕೆಲಸ ನೋಡುತ್ತಿದ್ದ ನಾದಿನಿ ಪಿಸುಗುಟ್ಟಿದಳು. "ಒಪ್ಪಿಕೊಳ್ಳಿ ಅತ್ತಿಗೆ. ಎಷ್ಟು ದಿನಾಂತ ಒಬ್ಬರೇ ಒದ್ದಾಡ್ತೀರಿ?"

ಅಕ್ಕನಿಗೂ ಸೊಂಟ ನೋಯುತ್ತಿತ್ತು. ಹೂಂ ಅಂದುಬಿಟ್ಟಳು. ಜನ್ಮದಲ್ಲಿ ಅವಳು ಮಾಡಿದ ದೊಡ್ಡ ತಪ್ಪು ಅದೇ.

ಆ ಸಲ ಬಟ್ಟೆ ಒಗೆಯುವ ಹೆಂಗಸೊಬ್ಬಳು ವೇದಿಕೆ ಹತ್ತಿದಳು. ಹಾಸಿಗೆ ಹಿಡಿದವರಿರುವ ಮನೆಗಳಿಂದ ಬಟ್ಟೆ ಒಯ್ದು, ಕುದಿಸಿ ಒಗೆದು, ಅದೇ ಸಂಜೆ ತಲುಪಿಸುವುದು ಅವಳ ಕೆಲಸ. ಆರೇ ಮನೆ ಸಿಕ್ಕಿದ್ದವು. ಇಲ್ಲೂ ಗಿರಾಕಿ ಸಿಗದಿದ್ದರೆ ವಾಷಿಂಗ್ ಮಷಿನ್ ಮಾರಿ ಮನೆಗೆಲಸಕ್ಕೆ ಹೋಗುತ್ತೇನೆಂದು ಅಕ್ಕನ ಮುಂದೆ ಅತ್ತಿದ್ದಳು. ಪರದೆ ಮೇಲೆ ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ. ಒಗೆದ ದುಪ್ಪಟಿಯೊಂದನ್ನು ಬಿಡಿಸಿ ಹಿಡಿದಳು.

"ಮೂರು ವರ್ಷ ನಮ್ಮತ್ತೆ ಮಲಗಿದಲ್ಲೇ ಇದ್ರು. ವಾಸನೆ ಅಂತ ನೆಂಟರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗ್ತಿದ್ರು. ಇನ್ಯಾರಿಗೂ ಹಂಗಾಗಬಾರದು."

ನಡುವೆ ಕೂತಿದ್ದ ತಜ್ಞ ಕೇಳಿದ, "ಐದು ವರ್ಷದಲ್ಲಿ ಎಷ್ಟು ಊರಿಗೆ ಹಬ್ಬಿಸ್ತೀರಿ?"

"ಇರೋದು ಒಂದೇ ಮಷಿನ್ ಸಾರ್. ನಾನು ನಮ್ಮ ಕಡೆ ಬೀದಿಗಳಿಗೆ..."

ಮೂವರೂ ಮುಖ ಮುಖ ನೋಡಿಕೊಂಡು ನಕ್ಕರು. "ಸರಿ, ಮುಂದಿನವರು."

ಕೊನೇ ಸಾಲಿನಲ್ಲಿದ್ದ ಅಕ್ಕ ಚೀಲದಿಂದ ಕತ್ತರಿ ತೆಗೆದುಕೊಂಡು ಎದ್ದಳು. ಅವಳ ಗಂಟಲಿಗೆ ಮೈಕು ಯಾವ ಲೆಕ್ಕ!

"ತಪ್ಪು ನನ್ನದು! ಈ ಆಟಕ್ಕೆ ಹೂಂ ಅಂದೋಳು ನಾನೇ. ಈಗ ಊಹೂಂ ಅಂತಿದ್ದೀನಿ. ಹಾಸಿಗೆ ಬಟ್ಟೆ ಯಾರ ಮನೇಲಿಲ್ಲ? ಒಪ್ಪಿದೋರು ಎದ್ದು ಬನ್ನಿ!"

ಸಾಹೇಬರ ಮುಖ ಕೆಂಪೇರಿತು. "ಹೀಗಾದ್ರೆ ಬಹುಮಾನ ಇಲ್ಲ ಮೇಡಂ. ಹಾಲ್ ಕೂಡ ಇಲ್ಲ."

"ತಗೊಂಡು ಹೋಗಿ ಸ್ವಾಮಿ. ದೀಪಾನೂ ಬಿಡಬೇಡಿ, ಬಿಚ್ಕೊಂಡು ಹೋಗಿ!"

ದೀಪ ಆರಿಯೇ ಹೋಯಿತು. ಆಗ ಎದ್ದವಳು ಯಾರು? ಒಪ್ಪಿಕೊಳ್ಳಿ ಅಂದಿದ್ದ ನಾದಿನಿಯೇ. ಹೊಸ ಸ್ವೆಟರಿನ ಗುಂಡಿ ಹಿಡಿದು, "ನಂದು ಮೊದಲು ಅತ್ತಿಗೆ" ಅಂದಳು. ಅವಳ ಹಿಂದೆ ಸೈಕಲ್ಲಿನವನು ಬಂದ. ನೋಡನೋಡುತ್ತ ಸಾಲು ಬಾಗಿಲು ದಾಟಿತು. ಹೊರಗೆ ಮೆಟ್ಟಿಲ ಮೇಲೆ, ಹಗಲ ಬೆಳಕಿನಲ್ಲಿ, ಅಕ್ಕ ಕತ್ತರಿಸುತ್ತ ಹೋದಳು. ಒಗೆಯುವವಳು ಆ ದುಪ್ಪಟಿಯನ್ನೇ ಒಡ್ಡಿ ನಿಂತಳು.

"ಇಷ್ಟೊಂದು ಕೆಲಸ ನಾನೊಬ್ಬಳೇ ಹೆಂಗೆ ಮಾಡಲಕ್ಕಾ?" ಎಂದು ಅತ್ತಳು.

"ಜೊತೆಗೆ ಇಬ್ಬರನ್ನ ಇಟ್ಕೋ. ಅಳೋದು ಆಮೇಲೆ, ದುಪ್ಪಟಿ ಸರಿಯಾಗಿ ಹಿಡಿ, ಗುಂಡಿ ಚೆಲ್ತಾ ಇದೆ!"

ಸೋಮವಾರ ಸಾಹೇಬರ ಫೋನು ಬಂತು. ಅವರ ಆಫೀಸಿನ ಕಾವಲುಗಾರ ಸಲ್ಯೂಟ್ ಹೊಡೆದರೆ ತೋಳು ಮೊಣಕೈಗೆ ಜಾರುತ್ತಿದೆಯಂತೆ. ಕ್ಯಾಷಿಯರ್‌ದೂ ಅದೇ ಕಥೆ, ಟೈಪ್ ಮಾಡುವವಳದೂ ಅದೇ. "ಯೂನಿಫಾರ್ಮು ಮೇಡಂ! ದಯವಿಟ್ಟು ಹೊಲಿದುಕೊಡಿ."

"ಮೊದಲು ಹಾಸಿಗೆ ಬಟ್ಟೆ ಒಗೆಯೋಕೆ ಹಾಕಿ ಬರಲಿ, ಆಮೇಲೆ ಹೊಲಿತೀನಿ."

"ಇಷ್ಟು ಹಟ ಒಳ್ಳೇದಲ್ಲ. ಮುಂದಿನ ವರ್ಷ ಎಲ್ಲಿ ನಡೆಸ್ತೀರಿ? ಯಾವ ಹಾಲ್ ಕೊಡ್ತಾರೆ ನಿಮಗೆ?"

ಅಕ್ಕ ಬಾಗಿಲಾಚೆ ನೋಡಿದಳು.

"ಬೀದಿ ಇದೆಯಲ್ಲ ಸ್ವಾಮಿ. ನೀವೂ ಬನ್ನಿ. ಆ ಕೋಟೇ ಹಾಕ್ಕೊಂಡು ಬನ್ನಿ, ಗುಂಡಿ ಚೆನ್ನಾಗಿದೆ."