ರಕ್ತದ ಗರ್ಮಿಗೆ ಔಡಲೆಣ್ಣೆ

...ಅಥವಾ ಆ ದಿನ ಅವಳು ಅಳಲೇ ಇಲ್ಲವೋ ಏನೋ. ಅತ್ತಳೆಂದು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಈ ಬೆಳಿಗ್ಗೆ ಹುಮನಾಬಾದಿನ ಎಣ್ಣೆಯಂಗಡಿಯಲ್ಲಿ ಔಡಲೆಣ್ಣೆಯ ವಾಸನೆ ಬಂದಾಗ ಮೊದಲು ನೆನಪಾದದ್ದು ಅವಳ ಮುಖವಲ್ಲ, ಎಣ್ಣೆ ಇಳಿಯುತ್ತಿದ್ದ ಹಣೆ. ಅದನ್ನು ಮಾತ್ರ ನಂಬುತ್ತೇನೆ.

ಬಸವಕಲ್ಯಾಣದಲ್ಲಿ ಅವಳು ನಮ್ಮ ಪಕ್ಕದ ಮನೆಯ ಅಕ್ಕ. ಎಂಟುನೂರು ಮೀಟರ್ ಓಟಗಾರ್ತಿ. ನಸುಕಿನಲ್ಲಿ ನಾರಾಯಣಪುರದ ರಸ್ತೆಯಲ್ಲಿ ನಾನೂ ಓಡುತ್ತಿದ್ದೆ, ಅವಳ ಜೊತೆಗಲ್ಲ, ಬಹಳ ಹಿಂದೆ. ರಾಷ್ಟ್ರೀಯ ಶಿಬಿರಕ್ಕೆ ಹೋದವಳು ಅರ್ಧಕ್ಕೇ ಬ್ಯಾಗು ಹೊತ್ತು ಮರಳಿದಳು. ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನು ಅವಳ ರಕ್ತದಲ್ಲಿ ಮಿತಿ ಮೀರಿತ್ತಂತೆ. ಹುಟ್ಟಿನಿಂದಲೇ ದೇಹ ಹಾಗಿತ್ತು. ಗುಳಿಗೆ ನುಂಗಿ ಇಳಿಸಿಕೊಂಡರೆ ಇನ್ನೊಂದು ಪರೀಕ್ಷೆ. ಇಲ್ಲವಾದರೆ ಹೆಂಗಸರ ಓಟದಲ್ಲಿ ಜಾಗವಿಲ್ಲ. ಇದನ್ನು ನನಗೆ ಮಾತ್ರ ಹೇಳಿದ್ದಳು.

ಅವಳ ಅವ್ವನಿಗೆ ತಿಳಿದದ್ದು ಇಷ್ಟೇ: ರಕ್ತದಲ್ಲಿ ಏನೋ ಜಾಸ್ತಿ.

"ಗರ್ಮಿ ಆಗ್ಯಾದ, ಮತ್ತೇನಿಲ್ಲ. ಬಿಸಿಲಾಗ ಕುದುರಿ ಹಾಂಗ ಓಡಿದ್ರ ಆಗಲ್ಲೇನು?"

ಅಂದಿನಿಂದ ತಂಪಿಗೆಂದು ನೆತ್ತಿಗೆ ಔಡಲೆಣ್ಣೆ, ಕುಡಿಯಲು ಸಬ್ಜಾ ಬೀಜದ ನೀರು. ಉಷ್ಣವೆಂದು ಮೊಟ್ಟೆ ಬಂದ್. ಅಕ್ಕ ತಿದ್ದಲಿಲ್ಲ. ತಿದ್ದಿದರೆ ಉಳಿದದ್ದನ್ನೂ ಹೇಳಬೇಕಿತ್ತು. ತಲೆಗೆ ಎಣ್ಣೆ ತಟ್ಟಿಸಿಕೊಳ್ಳುತ್ತ, ಫೋನು ರಿಂಗಾದಾಗಲೆಲ್ಲ ಪರೀಕ್ಷೆಯ ಕರೆಯೋ ಎಂದು ಬೆಚ್ಚುತ್ತಿದ್ದಳು.

"ಅಕ್ಕಾ, ಗುಳಿಗಿ ತಗೊಳ್ಳಾಕತ್ತೀಯೇನು?" ಎಂದು ಕೇಳಿದೆ.

"ಮೊದಲ ನನ್ನ ದಾಟು. ಆಮ್ಯಾಲ ಹೇಳ್ತೀನಿ," ಎಂದು ನಕ್ಕಳು. ದಾಟುವ ಮಾತೇ ಇರಲಿಲ್ಲ, ಅದಕ್ಕೇ ನಕ್ಕದ್ದು.

ಒಂದು ನಸುಕಿನಲ್ಲಿ ದಾಟಿಬಿಟ್ಟೆ. ನಾರಾಯಣಪುರದ ಗುಡಿಯ ಹತ್ತಿರ... ಅಥವಾ ಅದಕ್ಕೂ ಮೊದಲು? ನನ್ನ ಹೆಜ್ಜೆಯೇ ಕೇಳುತ್ತಿತ್ತು, ಅವಳದು ಕೇಳಲಿಲ್ಲ. ಹೆದರಿ ನಿಂತೆ. ಅವಳು ಏದುಸಿರು ಬಿಡುತ್ತ ಬಂದಳು. ಎಣ್ಣೆ ಹಣೆಯಿಂದ ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಂಡಳು.

"ಯಾಕ ನಿಂತೀ? ಓಡು," ಎಂದಳು.

ಓಡಿದೆ. ಗುಳಿಗೆಯ ಬಗ್ಗೆ ಕೇಳಲಿಲ್ಲ.

ಪರೀಕ್ಷೆಗೆ ಕರೆ ಬಂದಾಗ ಇದೇ ಹುಮನಾಬಾದಿನಿಂದ ಅವಳನ್ನು ರೈಲು ಹತ್ತಿಸಿದೆವು. ಅವ್ವ ಎಣ್ಣೆಯ ಬಾಟಲಿಯನ್ನೂ ಬ್ಯಾಗಿಗೆ ತುರುಕಿದಳು. ಅಕ್ಕ ಊರಿಗೆ ಮರಳಲಿಲ್ಲ. ಆಮೇಲೆ ಅವಳ ಮನೆಯವರೂ ಬೇರೆ ಕಡೆ ಹೋದರು. ಯಾವ ಓಟದ ಸುದ್ದಿಯಲ್ಲೂ ಅವಳ ಹೆಸರು ನನಗೆ ಸಿಗಲಿಲ್ಲ.

"ಎಷ್ಟು ಕೊಡ್ಲಿರಿ, ಅಕ್ಕಾರ?" ಅಂಗಡಿಯವ ಕೇಳಿದ. ಏನೂ ಕೊಳ್ಳದೆ ಹೊರಗೆ ಬಂದೆ.

ಅಂದು ನಾನು ದಾಟಿದ್ದು ಗುಳಿಗೆಯಿಂದಲೋ, ನಿಂತುಹೋದ ಮೊಟ್ಟೆಯಿಂದಲೋ, ಅವಳೇ ನಿಧಾನಿಸಿದ್ದರಿಂದಲೋ... ನನಗೆ ಗೊತ್ತಿಲ್ಲ. ಅವಳು ಕಣ್ಣೊರೆಸಿಕೊಂಡದ್ದು ಎಣ್ಣೆಗೋ, ಅಳುವಿಗೋ ಎಂಬುದೂ ಗೊತ್ತಿಲ್ಲ.