ಕಣ್ಣು ಮುಚ್ಚಿ ಹುಡುಕುತ್ತಿದ್ದ ಡಾಕ್ಟರ್ ಬಾಯಾರು

ಆಪರೇಷನ್ ನಡುವೆ ಕಣ್ಣು ಮುಚ್ಚಿಕೊಳ್ಳುವ ಡಾಕ್ಟರನ್ನು ನಾನು ಕಂಡಿದ್ದು ಒಬ್ಬರನ್ನೇ. ಸಿಂದಗಿಯ ಆ ಚಿಕ್ಕ ಆಸ್ಪತ್ರೆಗೆ ನರ್ಸಾಗಿ ಸೇರಿದ ಮೊದಲ ವಾರ ಅದನ್ನು ನೋಡಿ ಅವರಿಗೆ ತಲೆಸುತ್ತು ಬಂತೆಂದುಕೊಂಡಿದ್ದೆ. ನಾವೆಲ್ಲ ಬಾಯಾರು ಎಂದು ಕರೆಯುತ್ತಿದ್ದ ಸುಮಿತ್ರಾಬಾಯಿಯವರು ಹೊಟ್ಟೆ ಕೊಯ್ದು ಗರ್ಭಚೀಲ ತೆಗೆಯುವಾಗ, ರಕ್ತನಾಳಕ್ಕೆ ಗಂಟು ಹಾಕುವ ಮುಂಚೆ ಒಳಗೆ ಕೈಯಿಟ್ಟು, ಕಣ್ಣು ಮುಚ್ಚಿ, ಮೂತ್ರನಾಳವನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡುತ್ತಿದ್ದರು. ಅದು ಎಲ್ಲಿದೆಯೆಂದು ಖಾತ್ರಿಯಾದ ಮೇಲೆಯೇ ದಾರ ಕೇಳುತ್ತಿದ್ದರು.

"ಶಾಂತಾ, ನನ್ನ ಕಣ್ಣಿಗಿಂತ ಬೆರಳ ಮ್ಯಾಲೆ ನನಗ ಭರವಸಿ ಹೆಚ್ಚ" ಎನ್ನುತ್ತಿದ್ದರು.

ಮಾತು ಕಡಿಮೆ, ಆಡಿದರೆ ಖಾರ. ಮದುವೆಯಾಗಿರಲಿಲ್ಲ, ಆಸ್ಪತ್ರೆಯ ಮಾಳಿಗೆಯ ಎರಡು ಕೋಣೆಗಳಲ್ಲೇ ವಾಸ. ನೋವು ನುಂಗಿಕೊಂಡು ಮಲಗಿದ ಹೆಂಗಸರಿಗೆ, "ಜೋರ ಅಳವ್ವಾ, ಇಲ್ಲಿ ನಿಮ್ಮತ್ತಿ ಇಲ್ಲ" ಎಂದು ಗದರಿಸಿ ಅಳಿಸುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಮ್ಮಲ್ಲಿಗೆ ದುರ್ಬೀನು ಬಂತು. ಹೊಟ್ಟೆಗೆ ಮೂರ್ನಾಲ್ಕು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಟೀವಿ ನೋಡುತ್ತ ಮಾಡುವ ಆಪರೇಷನ್ನಿಗೆ ನಮ್ಮ ಕಡೆ ಹಾಗನ್ನುತ್ತಾರೆ. ಬಾಯಾರು ಸೊಲ್ಲಾಪುರಕ್ಕೆ ಹೋಗಿ ಕಲಿತು ಬಂದರು. ಮೊದಲ ಕೆಲವು ಸುಸೂತ್ರವಾದವು. ಆಮೇಲೆ ಬಂದವಳು ಯಂಕಂಚಿಯ ಕಾಶವ್ವ. ಮೂರನೇ ದಿನ ನಗುತ್ತ ಮನೆಗೆ ಹೋದವಳು ಹತ್ತನೇ ದಿನ ಒದ್ದೆ ಸೀರೆಯಲ್ಲಿ ತಿರುಗಿ ಬಂದಳು. ಮೂತ್ರ ತಡೆಯಿಲ್ಲದೆ ಸೋರುತ್ತಿತ್ತು. ರಕ್ತ ನಿಲ್ಲಿಸಲು ಒಳಗೆ ಸುಟ್ಟಾಗ ಮೂತ್ರನಾಳಕ್ಕೂ ಬಿಸಿ ತಗಲಿತ್ತು.

"ಆಕಿ ಮೈಗುಣ ಅಂತ ಹೇಳಿಬಿಡ್ರಿ" ಎಂದರು ಆಸ್ಪತ್ರೆಯ ಮಾಲೀಕರು.

ಬಾಯಾರು ಕಾಶವ್ವನ ಗಂಡನನ್ನು ಕರೆದು, ನಮ್ಮೆಲ್ಲರ ಎದುರೇ ಹೇಳಿದರು: "ತಪ್ಪು ನನ್ನ ಕೈಯಾಗ ಆಗೇತ್ರಿ. ಇಪ್ಪತ್ತು ವರ್ಷ ಹೊಟ್ಟಿ ಕೊಯ್ದೇನಿ ಅನ್ನೋ ಸೊಕ್ಕಿತ್ತು ನನಗ. ದುರ್ಬೀನದಾಗ ಬೆರಳಿಗೆ ಏನೂ ಹತ್ತಂಗಿಲ್ಲ. ಅದರಾಗ ನಾ ಇನ್ನೂ ಕಲಿಯಾಕಿ."

ಅವತ್ತೇ ಜೀಪು ಮಾಡಿಕೊಂಡು ಕಾಶವ್ವನೊಂದಿಗೆ ಸೊಲ್ಲಾಪುರಕ್ಕೆ ಹೋದರು. ಅಲ್ಲಿ ನಾಳ ಸರಿಪಡಿಸುವವರೆಗೂ ಅವಳ ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ಕಾಶವ್ವ ಗುಣವಾದಳು.

ಅಲ್ಲಿಂದಾಚೆ ಬಂದವರಿಗೆಲ್ಲ ಬಾಯಾರು ತಾವಾಗಿಯೇ ಹೇಳತೊಡಗಿದರು. "ಕೊಯ್ದು ತಗದದ್ದು ಲೆಕ್ಕಿಲ್ಲದಷ್ಟು. ದುರ್ಬೀನದಾಗ ಇದು ಒಂಬತ್ತನೇದು. ಒಂದು ಕೆಟ್ಟೈತಿ. ಯಾವುದು ಬೇಕು, ನೀವ ಹೇಳ್ರಿ." ಹೆಂಗಸರು ತಲೆಯಾಡಿಸಿ ಎದ್ದು ಹೋಗುತ್ತಿದ್ದರು, ಇಂಥದ್ದನ್ನೆಲ್ಲ ಬಾಯಿಬಿಡದ ಡಾಕ್ಟರರ ಹತ್ತಿರ. ಹೊರಗಿನ ಬೆಂಚು ಖಾಲಿಯಾಯಿತು. ಮಧ್ಯಾಹ್ನ ಬಾಯಾರು ಒಬ್ಬರೇ ಒಂದು ರಟ್ಟಿನ ಡಬ್ಬಿಯೊಳಗೆ ಶೇಂಗಾ ಕಾಳು ಹಾಕಿ, ಕ್ಯಾಮೆರಾ ಇಳಿಸಿ, ಉದ್ದನೆಯ ಚಿಮಟ ತೂರಿಸಿ, ಟೀವಿ ನೋಡುತ್ತ ಒಂದೊಂದೇ ಕಾಳು ಎತ್ತುವುದನ್ನು ರೂಢಿ ಮಾಡುತ್ತಿದ್ದರು. ಕಾಳು ಜಾರಿ ಬಿದ್ದರೆ ತಮ್ಮನ್ನೇ ಬೈದುಕೊಳ್ಳುವರು. ನೋಡಲಾಗದೆ ನಾನು ಏನಾದರೂ ಕೆಲಸದ ನೆವ ತೆಗೆದು ಹೊರಗೆ ಹೋಗುತ್ತಿದ್ದೆ.

ಮುಂದಿನ ವರ್ಷ ನನ್ನದೇ ಗರ್ಭಚೀಲ ತೆಗೆಸಬೇಕಾಗಿ ಬಂತು. ಅವರಿಗೆ ಹೇಳಲು ಬಾಯಿ ಬರಲಿಲ್ಲ. ತವರೂರು ಇಂಡಿಯಲ್ಲಿ ಅವ್ವನಿಗೆ ಆರಾಮಿಲ್ಲ ಎಂದು ಸುಳ್ಳು ಹೇಳಿ ರಜೆ ಹಾಕಿ, ಸೊಲ್ಲಾಪುರಕ್ಕೆ ಹೋಗಿ ಮಾಡಿಸಿಕೊಂಡು ಬಂದೆ. ಹದಿನೇಳು ವರ್ಷ ಅವರ ಕೈಗೆ ಕತ್ತರಿ ಕೊಟ್ಟವಳು ನಾನು! ಇವತ್ತಿಗೂ ನಾಚಿಕೆಯಾಗುತ್ತದೆ.

ತಿರುಗಿ ಬಂದಾಗ ಬಾಯಾರು ಸಾಮಾನು ಕಟ್ಟುತ್ತಿದ್ದರು. ಮಾಲೀಕರು ಬೇರೆ ಡಾಕ್ಟರನ್ನು ಕರೆಸಿದ್ದರು. ಬಾಯಾರು ಬಸವನ ಬಾಗೇವಾಡಿಯ ತಮ್ಮನ ಮನೆಗೆ ಹೊರಟಿದ್ದರು. ನಾನು ನಡೆದು ಬಂದ ರೀತಿಯಲ್ಲೇ ಅವರಿಗೆ ಗೊತ್ತಾಗಿ ಹೋಯಿತು.

"ಮಲಕೋ. ಹೊಟ್ಟಿ ತೋರಸು."

ಗಾಯಗಳನ್ನು ನೋಡಿದರು, ಮೆಲ್ಲಗೆ ಒತ್ತಿದರು. "ಚಲೋ ಮಾಡ್ಯಾರ" ಎಂದರು.

"ತಪ್ಪಾತ್ರಿ ಬಾಯಾರ" ಎಂದು ನಾನು ಅತ್ತುಬಿಟ್ಟೆ. "ಅಂಜಿಕಿ ಬಂತ್ರಿ."

"ಅದರಾಗ ತಪ್ಪೇನೈತಿ? ನಾನೂ ನಿನ್ನ ಅಲ್ಲಿಗೇ ಕಳಸ್ತಿದ್ದೆ." ಸೆರಗು ಸರಿಮಾಡಿ ನನ್ನನ್ನು ಎಬ್ಬಿಸಿ ಕೂಡಿಸಿದರು. "ಆದರ ಶಾಂತಾ, ಒಬ್ಬಾಕೀನ ಯಾಕ ಹೋದಿ? ಬಾಜೂಕ ಕೂಡಾಕರ ನಾ ಬರ್ತಿದ್ದಿಲ್ಲೇನು?"